ಬೋರ್‌ವೆಲ್ ನೀರಿನ ಮನೆಗೆ ಹೊಸ ಗೀಸರ್: ಹಳೆಯದನ್ನು ಬಿಚ್ಚುವುದರಿಂದ ಆನೋಡ್ ಬದಲಿಸುವವರೆಗೆ

ಎರಡು ವರ್ಷದ ಹಿಂದಿನ ಡಿಸೆಂಬರ್‌ನಲ್ಲಿ ಚಿಂತಾಮಣಿಯ ನಮ್ಮ ಮನೆಯ ಗೀಸರ್ ಸೋರಲು ಶುರುವಾಯಿತು. ತಂದು ನಾಲ್ಕು ವರ್ಷ ಆಗಿತ್ತು, ಅಷ್ಟೆ. ಪ್ಲಂಬರ್ ಬಂದು ಕೆಳಗಿನ ಬೋಲ್ಟು ಬಿಚ್ಚಿ ಕಾಯಿಲ್ ಎಳೆದರೆ, ಅದು ಕಾಯಿಲ್ ಅಂತ ಗೊತ್ತೇ ಆಗುವ ಹಾಗಿರಲಿಲ್ಲ. ಸುತ್ತ ಬಿಳಿ ಕಲ್ಲು ಕಟ್ಟಿಕೊಂಡು ಮುಷ್ಟಿ ದಪ್ಪ ಆಗಿತ್ತು. ಟ್ಯಾಂಕಿನ ತಳದಿಂದ ಮೊಟ್ಟೆ ಚಿಪ್ಪಿನಂಥ ಚೂರುಗಳು ಎರಡು ಚೊಂಬು ಬಂದವು. ಪಕ್ಕದಲ್ಲಿ ಆನೋಡ್ ರಾಡ್ ಇರಬೇಕಿತ್ತು, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಹೆಬ್ಬೆರಳು ದಪ್ಪದ ಕೋಲು ಅದು. ಅಲ್ಲಿ ಉಳಿದಿದ್ದು ಸೈಕಲ್ ಕಡ್ಡಿಯಷ್ಟು ತೆಳ್ಳಗಿನ ತಂತಿ ಮಾತ್ರ. ಟ್ಯಾಂಕಿಗೆ ಏಳು ವರ್ಷ ವಾರಂಟಿ ಅಂತ ಅಂಗಡಿಯಲ್ಲಿ ಹೇಳಿದ್ದರು. ಕಾರ್ಡಿನ ಹಿಂದೆ ಚಿಕ್ಕ ಅಕ್ಷರದಲ್ಲಿ ನೀರಿನ ಗಡಸುತನದ ಷರತ್ತು ಇತ್ತು, ಅದನ್ನು ತೋರಿಸಿ ಕಂಪನಿಯವರು ಕೈ ಎತ್ತಿಬಿಟ್ಟರು.

ಆಮೇಲೆ ಹೊಸದು ತಗೊಳ್ಳುವ ಮುಂಚೆ ಒಂದು ವಾರ ಇದರ ಹಿಂದೆಯೇ ಬಿದ್ದೆ. ಆಗ ಗೊತ್ತಾಗಿದ್ದು ಇಷ್ಟು: ನಮ್ಮ ಕಡೆ ಗೀಸರ್ ಎಷ್ಟು ವರ್ಷ ಬರುತ್ತೆ ಅನ್ನೋದನ್ನು ತೀರ್ಮಾನ ಮಾಡುವುದು ನೀರು. ಬ್ರ್ಯಾಂಡ್ ಆಮೇಲಿನ ಮಾತು. ಆದ್ದರಿಂದ ಕೆಳಗೆ ಬರೆದಿರುವ ಕ್ರಮದಲ್ಲೇ ಹೋಗಿ, ಅಂಗಡಿ ಮೆಟ್ಟಿಲು ಹತ್ತುವುದು ಕೊನೆಗೆ ಇರಲಿ.

ಮೊದಲು ನೋಡಿ: ನಿಜವಾಗಿಯೂ ಬದಲಿಸಬೇಕಾ?

ಬಿಸಿ ಆಗುತ್ತಿಲ್ಲ ಅಂದ ತಕ್ಷಣ ಗೀಸರ್ ಹೋಯಿತು ಅಂತಲ್ಲ. ನೀರು ಕಾಯಿಸುವ ಕಾಯಿಲ್, ಬಿಸಿ ಎಷ್ಟಿರಬೇಕು ಅಂತ ಹಿಡಿಯುವ ಥರ್ಮೋಸ್ಟಾಟ್, ಬಿಸಿ ಮಿತಿ ಮೀರಿದರೆ ಕರೆಂಟ್ ನಿಲ್ಲಿಸುವ ಕಟ್‌ಔಟ್ ಈ ಮೂರರಲ್ಲಿ ಯಾವುದೋ ಒಂದು ಕೆಟ್ಟಿರುತ್ತೆ, ಹೊಸ ಗೀಸರಿನ ಬೆಲೆಗೆ ಹೋಲಿಸಿದರೆ ತುಂಬಾ ಕಮ್ಮಿ ಖರ್ಚಲ್ಲಿ ಸರಿಯಾಗುತ್ತೆ. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ ಬೀಳುತ್ತಿದ್ದರೆ ಕಾಯಿಲ್ ಒಡೆದು ಕರೆಂಟ್ ನೀರಿಗೆ ಸೋರುತ್ತಿದೆ ಅಂತ ಅನುಮಾನ ಪಡಬೇಕು. ಅದನ್ನು ಮತ್ತೆ ಮತ್ತೆ ಎತ್ತಿ ಹಾಕಬೇಡಿ, ಅಲ್ಲಿಗೇ ನಿಲ್ಲಿಸಿ. ಒಳಗಿಂದ ಟಪಟಪ ಸದ್ದು, ಕುದಿಯುವಂಥ ಸದ್ದು ಬರುತ್ತಿದ್ದರೆ ಕಾಯಿಲ್ ಮೇಲೆ ಸುಣ್ಣ ಕಟ್ಟಿದೆ, ತೊಳೆದರೆ ಸಾಕು.

ಸೋರುವ ಗೀಸರ್ ಆದರೆ ಎಲ್ಲಿಂದ ಅನ್ನೋದನ್ನು ಒಣ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಬಿಟ್ಟು ನೋಡಿ. ಪೈಪು ಸೇರುವ ಜಾಗ, ವಾಲ್ವ್, ಕೆಳಗಿನ ಗ್ಯಾಸ್ಕೆಟ್ ಆದರೆ ರಿಪೇರಿ. ಹೊರಗಿನ ಕವಚದ ಸಂದಿಯಿಂದ ತುಕ್ಕು ಬಣ್ಣದ ನೀರು ಜಿನುಗುತ್ತಿದ್ದರೆ ಒಳಗಿನ ಟ್ಯಾಂಕೇ ತೂತಾಗಿದೆ ಅಂತ ಅರ್ಥ, ಅದಕ್ಕೆ ಬೆಸುಗೆ ಹಾಕಿಸುವ ಕೆಲಸ ಮಾಡಬೇಡಿ. ಗ್ಲಾಸ್ ಲೈನಿಂಗ್ ಇರುವ ಟ್ಯಾಂಕಿಗೆ ಬೆಸುಗೆ ತಾಗಿದರೆ ಸುತ್ತಲಿನ ಗಾಜಿನ ಪದರ ಬಿರುಕು ಬಿಡುತ್ತೆ, ಆರು ತಿಂಗಳಲ್ಲಿ ಪಕ್ಕದಲ್ಲೇ ಇನ್ನೊಂದು ತೂತು.

ಎರಡನೆಯದು, ನಿಮ್ಮ ನೀರು ಎಂಥದ್ದು?

ನಮ್ಮ ಕಡೆಯ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರು ಜಿಲ್ಲೆಯಲ್ಲಿ ನೀರು ಒಂದೇ ಥರ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಹೆಚ್ಚಿನ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ತುಮಕೂರು ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತೆ, ಅದು ಬೋರ್‌ವೆಲ್ ನೀರಿಗಿಂತ ಮೆದು. ಆದರೆ ಎಷ್ಟೋ ಮನೆಯಲ್ಲಿ ನಲ್ಲಿ ನೀರು, ಬೋರ್ ನೀರು ಎರಡೂ ಒಂದೇ ಸಂಪಿಗೆ ಬೀಳುತ್ತೆ. ಹಾಗಾಗಿ ಊರಿನ ಹೆಸರು ನೋಡಿ ಲೆಕ್ಕ ಹಾಕಬೇಡಿ, ನಿಮ್ಮ ಬಚ್ಚಲ ನಲ್ಲಿಯ ನೀರನ್ನೇ ನೋಡಿ.

ಸುಲಭದ ಪರೀಕ್ಷೆ ಒಂದಿದೆ. ಎರಡು ಖಾಲಿ ಬಾಟ್ಲಿ ತಗೊಳ್ಳಿ. ಒಂದಕ್ಕೆ ಆರ್‌ಒ ನೀರು ಅಥವಾ ಮಳೆ ನೀರು ಅರ್ಧ ತುಂಬಿಸಿ, ಇನ್ನೊಂದಕ್ಕೆ ಬಚ್ಚಲ ನಲ್ಲಿ ನೀರು. ಬಟ್ಟೆ ಸೋಪನ್ನು (ಡಿಟರ್ಜೆಂಟ್ ಅಲ್ಲ, ಮಾಮೂಲಿ ಸೋಪು) ಕರಗಿಸಿಟ್ಟ ನೀರನ್ನು ಎರಡಕ್ಕೂ ಹತ್ತು ಹನಿ ಬಿಟ್ಟು ಚೆನ್ನಾಗಿ ಅಲ್ಲಾಡಿಸಿ. ಮೊದಲನೆಯದರಲ್ಲಿ ನೊರೆ ಬಾಟ್ಲಿ ತುಂಬ ಬರುತ್ತೆ. ಎರಡನೆಯದರಲ್ಲಿ ನೊರೆ ಏಳದೆ, ಮೊಸರು ಒಡೆದಂತೆ ಬಿಳಿ ಗಸಿ ತೇಲಿದರೆ ನಿಮ್ಮದು ಗಡಸು ನೀರು. ಸರಿಯಾದ ಅಂಕಿ ಬೇಕಾದರೆ ನೀರು ಪರೀಕ್ಷೆ ಮಾಡುವ ಲ್ಯಾಬ್‌ಗೆ ಒಂದು ಬಾಟ್ಲಿ ಕೊಡಿ. ಟಿಡಿಎಸ್ (ನೀರಲ್ಲಿ ಕರಗಿರುವ ಒಟ್ಟು ಲವಣಾಂಶ) ಒಂದನ್ನೇ ಕೇಳಿ ಬರಬೇಡಿ, 'ಟೋಟಲ್ ಹಾರ್ಡ್‌ನೆಸ್' ಮತ್ತು 'ಕ್ಲೋರೈಡ್' ಎರಡನ್ನೂ ಬರೆಸಿಕೊಳ್ಳಿ. ಕುಡಿಯುವ ನೀರಿಗೆ ಇರುವ ಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು ಅಂತಿದೆ. ನಮ್ಮ ಮನೆಯದು 600ರ ಹತ್ತಿರ ಬಂತು.

ಈ ಅಂಕಿ ಯಾಕೆ ಬೇಕು ಅಂದರೆ, ನೀರಿನಲ್ಲಿ ಕರಗಿರುವ ಸುಣ್ಣದಂಶ ಬಿಸಿಯಾದಾಗ ಕರಗಿಕೊಂಡು ಇರುವುದಿಲ್ಲ, ಕಲ್ಲಾಗಿ ಬಿಸಿ ಇರುವ ಜಾಗಕ್ಕೇ ಅಂಟುತ್ತೆ. ಅತಿ ಬಿಸಿ ಇರುವುದು ಕಾಯಿಲ್. ಕಾಯಿಲ್ ಮೇಲೆ ಕಲ್ಲಿನ ಹೊದಿಕೆ ಬಂದರೆ ಶಾಖ ನೀರಿಗೆ ಬೇಗ ದಾಟಲ್ಲ, ಕಾಯಿಲ್ ಒಳಗೊಳಗೇ ಸುಟ್ಟುಹೋಗುತ್ತೆ. ನೀರು ಜಾಸ್ತಿ ಬಿಸಿಯಾದಷ್ಟೂ ಕಲ್ಲು ಜಾಸ್ತಿ. ಅದಕ್ಕೇ ಥರ್ಮೋಸ್ಟಾಟ್ ಅನ್ನು 75ಕ್ಕೆ ತಿರುಗಿಸಿ ಇಡುವ ಮನೆಯಲ್ಲಿ ಗೀಸರ್ ಬೇಗ ಹಾಳಾಗುವುದು. 60 ಡಿಗ್ರಿ ಸಾಕು. ಅದಕ್ಕಿಂತ ತುಂಬಾ ಕೆಳಗೂ ಬೇಡ, ಉಗುರುಬೆಚ್ಚಗೆ ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ.

ಪಾವಗಡ ಕಡೆಯವರಿಗೆ ಒಂದು ಮಾತು. ಫ್ಲೋರೈಡ್ ಇರುವ ನೀರನ್ನು ಬಿಸಿ ಮಾಡಿದರೆ ಫ್ಲೋರೈಡ್ ಹೋಗಲ್ಲ. ಬೇಗ ಬೇಯುತ್ತೆ ಅಂತ ಗೀಸರ್ ನೀರನ್ನು ಅಡುಗೆಗೆ ಹಿಡಿಯಬೇಡಿ.

ಬಕೆಟ್ ಲೆಕ್ಕ

ನಾವು ಸ್ನಾನವನ್ನು ಬಕೆಟ್ಟಿನಲ್ಲೇ ಅಳೆಯುವವರು ಅಲ್ವಾ, ಗೀಸರನ್ನೂ ಹಾಗೇ ಅಳೆಯೋಣ. ಡಿಸೆಂಬರ್ ಬೆಳಗ್ಗೆ ಟ್ಯಾಂಕ್ ನೀರು 20 ಡಿಗ್ರಿ ಅಂದುಕೊಳ್ಳಿ. ಸ್ನಾನಕ್ಕೆ ಬೇಕಾದದ್ದು 40 ಡಿಗ್ರಿ. ಗೀಸರ್ ನೀರು 60 ಇದ್ದರೆ ಅರ್ಧ ಬಿಸಿ, ಅರ್ಧ ತಣ್ಣೀರು ಬೆರೆಸಬೇಕು. ಅಂದರೆ 25 ಲೀಟರ್ ಗೀಸರಿಂದ 50 ಲೀಟರ್ ಸ್ನಾನದ ನೀರು, 15 ಲೀಟರ್ ಗೀಸರಿಂದ 30. ಬಿಸಿನೀರು ಬಿಡುತ್ತಾ ಹೋದಂತೆ ಒಳಗೆ ತಣ್ಣೀರು ಸೇರುವುದರಿಂದ ಸ್ವಲ್ಪ ಕಮ್ಮಿಯೇ ಸಿಗುತ್ತೆ. 15 ಲೀಟರಿನ ಬಕೆಟ್ ಆದರೆ 25 ಲೀಟರ್ ಗೀಸರಿಗೆ ಮೂರು ಬಕೆಟ್ ಅಂತ ಲೆಕ್ಕ ಇಟ್ಟುಕೊಳ್ಳಿ.

ಕರೆಂಟ್ ಎಷ್ಟು? 25 ಲೀಟರನ್ನು 20ರಿಂದ 60ಕ್ಕೆ ಏರಿಸಲು ಸುಮಾರು 1.16 ಯೂನಿಟ್ ಬೇಕು, 2,000 ವ್ಯಾಟ್ ಕಾಯಿಲ್‌ಗೆ 35 ನಿಮಿಷ. ದಿನಕ್ಕೆ ಎರಡು ಸಲ ಕಾಯಿಸಿದರೆ ತಿಂಗಳಿಗೆ 70 ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರು ಇದನ್ನು ಗಮನವಿಟ್ಟು ನೋಡಿ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕೈಯಿಂದ ಕಟ್ಟಬೇಕು. ದೊಡ್ಡದೇ ಇರಲಿ ಅಂತ ಸುಮ್ನೆ 50 ಲೀಟರ್ ತರುವ ಮುಂಚೆ ಯೋಚಿಸಿ. ನಾಲ್ಕು ಜನ, ಎಲ್ಲರೂ ಒಂದೇ ಸಮಯಕ್ಕೆ ಸ್ನಾನ ಮಾಡುವವರಲ್ಲ ಅಂದರೆ 25 ಸಾಕು. ಇಬ್ಬರೇ ಇದ್ದರೆ 15.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ, ವೋಲ್ಟೇಜು. ಹಳ್ಳಿಯಲ್ಲಿ ಬೆಳಗ್ಗೆ ಪಂಪ್‌ಸೆಟ್ ಓಡುವ ಹೊತ್ತಿಗೆ 230 ಇರಬೇಕಾದದ್ದು 180ಕ್ಕೆ ಇಳಿಯುವುದು ಹೊಸದಲ್ಲ. ಆಗ 2,000 ವ್ಯಾಟಿನ ಕಾಯಿಲ್ ಕೊಡುವುದು ಸುಮಾರು 1,225 ವ್ಯಾಟ್ ಮಾತ್ರ. 35 ನಿಮಿಷದ ಕೆಲಸಕ್ಕೆ ಒಂದು ಗಂಟೆ. ಗೀಸರ್ ಕೆಟ್ಟಿದೆ ಅಂತ ಎಷ್ಟೋ ಜನ ಬದಲಿಸುವುದು ಈ ಕಾರಣಕ್ಕೆ. ಮಲ್ಟಿಮೀಟರ್‌ನಲ್ಲಿ ಒಂದು ಸಲ ಬೆಳಗ್ಗೆ ಆರಕ್ಕೆ ಅಳೆಸಿ.

ಯಾವ ಜಾತಿಯದು?

ಇನ್‌ಸ್ಟಂಟ್ ಗೀಸರ್ ನೋಡಲು ಚಿಕ್ಕದು, ಬೆಲೆ ಕಮ್ಮಿ. ಆದರೆ 3,000 ವ್ಯಾಟ್ ಇದ್ದರೂ 20ರಿಂದ 40 ಡಿಗ್ರಿಗೆ ಏರಿಸಿ ಕೊಡುವುದು ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ. 15 ಲೀಟರ್ ಬಕೆಟ್ ತುಂಬಲು ಏಳು ನಿಮಿಷ, ವೋಲ್ಟೇಜ್ 180 ಇದ್ದರೆ ಹನ್ನೊಂದು. ಅಡುಗೆಮನೆ ಸಿಂಕಿಗೆ ಸರಿ, ಸ್ನಾನಕ್ಕೆ ನಾನು ಹೇಳಲ್ಲ.

ಗ್ಯಾಸ್ ಗೀಸರ್ ಬೇಗ ಬಿಸಿ ಮಾಡುತ್ತೆ, ನಿಜ. ಆದರೆ ಅದನ್ನು ಬಚ್ಚಲ ಒಳಗೆ ಹಾಕಿಸಲೇಬೇಡಿ. ಗಾಳಿ ಸಾಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಸ್ನಾನ ಮಾಡುತ್ತಿರುವವರಿಗೆ ತಲೆ ಸುತ್ತುವಷ್ಟರಲ್ಲಿ ಕೈಕಾಲಿನ ಶಕ್ತಿ ಹೋಗಿರುತ್ತೆ, ಚಿಲಕ ತೆಗೆಯಲೂ ಆಗಲ್ಲ. ಜನ ಸತ್ತಿದ್ದಾರೆ, ಮಕ್ಕಳು ಸತ್ತಿದ್ದಾರೆ. ಬೇಕೇಬೇಕು ಅಂದರೆ ಹೊರಗಿನ ಗೋಡೆಗೆ, ಬಯಲು ಗಾಳಿಗೆ ಹಾಕಿಸಿ ಪೈಪು ಮಾತ್ರ ಒಳಗೆ ತನ್ನಿ.

ಸೋಲಾರ್‌ಗೆ ನಮ್ಮ ಕಡೆಯ ಬಿಸಿಲು ಹೇಳಿ ಮಾಡಿಸಿದ್ದು. ಸ್ವಂತ ತಾರಸಿ ಇದ್ದು, ನಾಲ್ಕಾರು ಜನ ಇರುವ ಮನೆಗೆ ಕಣ್ಣು ಮುಚ್ಚಿ ಸೋಲಾರ್ ಅನ್ನುತ್ತಿದ್ದೆ, ನೀರು ಮೆದು ಇದ್ದಿದ್ದರೆ. ಗಡಸು ನೀರಿಗೆ ಯಾವ ಸೋಲಾರ್ ಅನ್ನೋದು ಮುಖ್ಯ. ಗಾಜಿನ ಟ್ಯೂಬಿನದು ಅಗ್ಗ, ಆದರೆ ಟ್ಯೂಬಿನ ತಳದಲ್ಲಿ ಸುಣ್ಣ ಕೂರುತ್ತಾ ಹೋಗುತ್ತೆ. ಚಪ್ಪಟೆ ಪ್ಯಾನೆಲ್ಲಿನದರಲ್ಲಿ ತಾಮ್ರದ ಸಣ್ಣ ಕೊಳವೆಗಳೇ ಕಟ್ಟಿಕೊಳ್ಳುತ್ತವೆ. ಆದ್ದರಿಂದ 'ಹೀಟ್ ಎಕ್ಸ್‌ಚೇಂಜರ್ ಇರುವ ಮಾಡೆಲ್' ಅಂತಲೇ ಕೇಳಿ. ಅದರಲ್ಲಿ ಪ್ಯಾನೆಲ್ ಒಳಗೆ ಸುತ್ತುವ ನೀರೇ ಬೇರೆ, ನಿಮ್ಮ ಬೋರ್ ನೀರು ಪ್ಯಾನೆಲ್‌ಗೆ ಹೋಗುವುದೇ ಇಲ್ಲ. ದುಡ್ಡು ಜಾಸ್ತಿ ಆಗುತ್ತೆ, ಆದರೂ ಅದೇ ಸರಿ. ಮೋಡದ ದಿನಕ್ಕೆ ಚಿಕ್ಕ ಗೀಸರ್ ಒಂದು ಇರಲಿ. ಹೀಟ್ ಪಂಪ್ ಅನ್ನುವುದೂ ಬಂದಿದೆ, ಮಾಮೂಲಿ ಗೀಸರಿನ ಮೂರನೇ ಒಂದು ಪಾಲು ಕರೆಂಟಲ್ಲೇ ನಡೆಯುತ್ತೆ. ಬೆಲೆ ನೋಡಿದರೆ ಸದ್ಯಕ್ಕೆ ಹಾಸ್ಟೆಲ್, ಪಿಜಿಗಳಿಗೆ ಸರಿ.

ತಿಪಟೂರು ಕಡೆ ತೆಂಗಿನ ಮಟ್ಟೆ, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಕಡ್ಡಿ ಬೇಕಾದಷ್ಟು ಇರುವ ಮನೆಯವರು ಹಳೆಯ ಹಂಡೆ ಒಲೆಯನ್ನು ಕಿತ್ತು ಹಾಕಬೇಡಿ. ದಿನಾ ಅಲ್ಲದಿದ್ದರೂ ಕರೆಂಟ್ ಇಲ್ಲದ ಬೆಳಗ್ಗೆ ಅದೇ ಕೈ ಹಿಡಿಯುತ್ತೆ.

ಅಂಗಡಿಯಲ್ಲಿ ಏನು ಕೇಳಬೇಕು

ಉಳಿದಿದ್ದು ಟ್ಯಾಂಕ್ ಇರುವ ಮಾಮೂಲಿ ಗೀಸರ್. ಇಲ್ಲಿ ನಾಲ್ಕು ವಸ್ತು ನೋಡಬೇಕು, ಬಣ್ಣದ ಲೈಟು, ರಿಮೋಟ್ ಬೇಡ.

ಟ್ಯಾಂಕ್. ಸ್ಟೀಲ್ ಟ್ಯಾಂಕ್ ಅಂದರೆ ತುಕ್ಕೇ ಹಿಡಿಯಲ್ಲ ಅಂತ ಹೇಳುತ್ತಾರೆ. ಕ್ಲೋರೈಡ್ ಜಾಸ್ತಿ ಇರುವ ಉಪ್ಪು ನೀರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ಬೆಸುಗೆಯ ಹತ್ತಿರ ಸೂಜಿಮೊನೆಯಷ್ಟು ತೂತು ಬೀಳುತ್ತೆ. ಅದಕ್ಕೇ ಲ್ಯಾಬ್‌ನಲ್ಲಿ ಕ್ಲೋರೈಡ್ ಬರೆಸಿಕೊಳ್ಳಿ ಅಂದಿದ್ದು. ನಮ್ಮ ನೀರಿಗೆ ನಾನು ಆರಿಸಿದ್ದು ಗ್ಲಾಸ್ ಲೈನಿಂಗ್ ಟ್ಯಾಂಕ್, ಅಂದರೆ ಉಕ್ಕಿನ ಟ್ಯಾಂಕಿನ ಒಳಗೆ ಗಾಜಿನ ಪದರ ಕಾಯಿಸಿ ಅಂಟಿಸಿರುವುದು.

ಆನೋಡ್. ಗಾಜಿನ ಪದರದಲ್ಲಿ ಎಲ್ಲೋ ಒಂದು ಕಡೆ ಸಣ್ಣ ಬಿರುಕು ಇದ್ದೇ ಇರುತ್ತೆ. ಅಲ್ಲಿ ಉಕ್ಕು ತುಕ್ಕು ಹಿಡಿಯುವ ಬದಲು ಈ ಮೆಗ್ನೀಸಿಯಂ ಕೋಲು ತಾನು ಸವೆಯುತ್ತೆ. ಕೋಲು ಇರುವವರೆಗೆ ಟ್ಯಾಂಕಿಗೆ ಏನೂ ಆಗಲ್ಲ, ಕೋಲು ಮುಗಿದ ದಿನದಿಂದ ಟ್ಯಾಂಕಿನ ಸರದಿ. ಉಪ್ಪು ಜಾಸ್ತಿ ಇರುವ ನೀರಲ್ಲಿ ಇದು ಬೇಗ ಸವೆಯುತ್ತೆ. ಹೊಸ ಗೀಸರ್ ತಗೊಳ್ಳುವಾಗಲೇ ಅಂಗಡಿಯವರಿಗೆ 'ಇದರ ಆನೋಡ್ ರಾಡ್ ಒಂದು ಹೆಚ್ಚಿಗೆ ಕೊಡಿ, ಇದ್ದರೆ ಮಾತ್ರ ಈ ಮಾಡೆಲ್ ತಗೊಳ್ತೀನಿ' ಅನ್ನಿ. ರಾಡ್ ಸಿಗದ ಮಾಡೆಲ್ ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಕಾಯಿಲ್. ಬರೀ ತಾಮ್ರದ ಹೊದಿಕೆ ಬದಲು ಇನ್‌ಕಲಾಯ್ (ನಿಕ್ಕಲ್ ಬೆರೆತ ಮಿಶ್ರಲೋಹ) ಹೊದಿಕೆ ಅಥವಾ ಗಾಜಿನ ಲೇಪ ಇರುವುದು ಗಡಸು ನೀರನ್ನು ಜಾಸ್ತಿ ದಿನ ತಡೆಯುತ್ತೆ.

ನಾಲ್ಕನೆಯದು ಸ್ಟಾರ್. ಕರೆಂಟ್ ಉಳಿತಾಯಕ್ಕೆ ಸ್ಟಾರ್ ಕೊಡುವ ಬಿಇಇ ಲೇಬಲ್ ಮೇಲೆ 'ಸ್ಟ್ಯಾಂಡಿಂಗ್ ಲಾಸ್' ಅಂತ ಒಂದು ಅಂಕಿ ಇರುತ್ತೆ. ಒಳಗಿನ ನೀರು ಹೊರಗಿಗಿಂತ 45 ಡಿಗ್ರಿ ಬಿಸಿ ಇದ್ದರೆ 24 ಗಂಟೆಯಲ್ಲಿ ಎಷ್ಟು ಯೂನಿಟ್ ಸುಮ್ನೆ ಆವಿಯಾಗಿ ಹೋದಂತೆ ನಷ್ಟ ಆಗುತ್ತೆ ಅನ್ನುವ ಲೆಕ್ಕ ಅದು. ಮನೆಯಲ್ಲಿ ಬಾಣಂತಿ, ವಯಸ್ಸಾದವರು ಇದ್ದು ದಿನವಿಡೀ ಗೀಸರ್ ಆನ್ ಇರುತ್ತೆ ಅಂದರೆ 5 ಸ್ಟಾರೇ ತಗೊಳ್ಳಿ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ ಆರಿಸುವ ಮನೆಗೆ ಸ್ಟಾರಿನಿಂದ ಆಗುವ ಉಳಿತಾಯ ಕಮ್ಮಿ. ಆಗ ಆ ದುಡ್ಡನ್ನು ಒಳ್ಳೆಯ ಟ್ಯಾಂಕಿಗೆ ಹಾಕಿ. ಲೇಬಲ್ ಎಲ್ಲಿಯವರೆಗೆ ಚಾಲ್ತಿ ಅಂತಲೂ ಅದರ ಮೇಲೇ ಬರೆದಿರುತ್ತೆ, ಹಳೆಯ ಸ್ಟಾಕ್ ಸಿಕ್ಕಿಬಿಡುತ್ತೆ, ನೋಡಿಕೊಳ್ಳಿ. ಐಎಸ್ 2082 ಸಂಖ್ಯೆಯ ಐಎಸ್‌ಐ ಮುದ್ರೆ ಇರಲೇಬೇಕು.

8 ಬಾರ್ ಪ್ರೆಷರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಟ್ಯಾಂಕ್ ಮೂರು ಮೀಟರ್ ಮೇಲಿದ್ದರೆ ಬರುವ ಒತ್ತಡ 0.3 ಬಾರ್. ಪ್ರೆಷರ್ ಪಂಪ್ ಅಥವಾ ಎತ್ತರದ ಅಪಾರ್ಟ್‌ಮೆಂಟ್ ಇಲ್ಲದಿದ್ದರೆ ಅದಕ್ಕಾಗಿ ಹೆಚ್ಚು ಕೊಡಬೇಕಿಲ್ಲ.

ವಾರಂಟಿ ಕಾರ್ಡನ್ನು ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ಓದಿ. ಟ್ಯಾಂಕಿಗೆ ಬೇರೆ, ಕಾಯಿಲ್‌ಗೆ ಬೇರೆ, ಉಳಿದಿದ್ದಕ್ಕೆ ಬೇರೆ ವರ್ಷ ಇರುತ್ತೆ. ನೀರಿನ ಗಡಸುತನ ಎಷ್ಟರವರೆಗೆ, ಆನೋಡ್ ಬದಲಿಸದಿದ್ದರೆ ಏನು, ಕಂಪನಿಯವರೇ ಬಂದು ಹಾಕಬೇಕಾ, ಈ ಮೂರಕ್ಕೆ ಉತ್ತರ ಹುಡುಕಿ. ಸರ್ವಿಸ್‌ನವರು ನಿಮ್ಮ ಊರಿನಲ್ಲೇ ಇದ್ದಾರಾ, ಬೆಂಗಳೂರಿಂದ ಬರಬೇಕಾ ಅಂತಲೂ ಕೇಳಿ.

ಗೋಡೆಗೆ ಹಾಕಿಸುವಾಗ

ತುಂಬಿದ 25 ಲೀಟರ್ ಗೀಸರ್ ಹತ್ತಿರ ಹತ್ತಿರ 35 ಕೆಜಿ ತೂಗುತ್ತೆ. ಟೊಳ್ಳು ಬ್ಲಾಕಿನ ಗೋಡೆಯಾದರೆ ಮಾಮೂಲಿ ಆಂಕರ್ ಬೋಲ್ಟ್ ಹಿಡಿಯಲ್ಲ, ಆರಪಾರ ಬೋಲ್ಟ್ ಹಾಕಿಸಿ. ನಿಲ್ಲಿಸುವ ಮಾಡೆಲನ್ನು ಮಲಗಿಸಿ ಹಾಕಬಾರದು. ಕಾಯಿಲ್ ಮತ್ತು ಆನೋಡ್ ಹೊರಗೆ ಬರುವ ಕಡೆ ಅವು ಎಷ್ಟು ಉದ್ದ ಇವೆಯೋ ಅಷ್ಟು ಜಾಗ ಖಾಲಿ ಬಿಡಿಸಿ. ನಮ್ಮ ಹಳೆಯ ಗೀಸರಿನ ಕೆಳಗೆ ಸಜ್ಜೆ ಇತ್ತು, ನಾಲ್ಕು ವರ್ಷ ಯಾರೂ ಬಿಚ್ಚದಿರಲು ಅದೇ ಕಾರಣ.

ಬಚ್ಚಲಿಗೆ ಆದಷ್ಟು ಹತ್ತಿರ ಇರಲಿ. ಮುಕ್ಕಾಲು ಇಂಚಿನ ಪೈಪಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತೆ, ಹತ್ತು ಮೀಟರ್ ದೂರ ಇದ್ದರೆ ಪ್ರತಿ ಸಲ ಎರಡೂವರೆ ಲೀಟರ್ ತಣ್ಣೀರು ಹರಿದ ಮೇಲೆ ಬಿಸಿ ಬರುತ್ತೆ. ಟ್ಯಾಂಕರ್‌ಗೆ ದುಡ್ಡು ಕೊಡುವ ಊರಲ್ಲಿ ಇದು ಸಣ್ಣದಲ್ಲ. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು, ಮಾಮೂಲಿ ಪಿವಿಸಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತೆ.

ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. 25 ಲೀಟರ್ ನೀರು 60 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಒಂದೂವರೆ ಲೋಟದಷ್ಟು ಉಬ್ಬುತ್ತೆ, ಅದು ಎಲ್ಲಾದರೂ ಹೋಗಬೇಕಲ್ಲ. ಸೋರುತ್ತೆ ಅಂತ ಅದಕ್ಕೆ ಮುಚ್ಚಳ ಹಾಕಿಸಿದರೆ ಟ್ಯಾಂಕೇ ಸಿಡಿಯಬಹುದು. ಅದರ ಬಾಯಿಗೆ ಸಣ್ಣ ಪೈಪು ಜೋಡಿಸಿ ಬಚ್ಚಲ ಮೋರಿಗೆ ಬಿಡಿ.

ಕರೆಂಟಿಗೆ 16 ಆಂಪಿಯರ್ ಸಾಕೆಟ್, ಬೋರ್ಡಿನಿಂದ ನೇರವಾಗಿ ಬರುವ ಬೇರೆ ವೈರು, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಬೀಳುವ ಸ್ವಿಚ್. ಇದರಲ್ಲಿ ಚೌಕಾಸಿ ಬೇಡವೇ ಬೇಡ. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದು ಬಕೆಟ್ ನೀರು ಹುಯ್ಯಿರಿ, ನಮ್ಮ ಕಡೆ ಏಪ್ರಿಲ್‌ನಲ್ಲಿ ಮಣ್ಣು ಎಷ್ಟು ಒಣಗಿರುತ್ತೆ ಅಂದರೆ ಅರ್ತಿಂಗ್ ಇದ್ದೂ ಇಲ್ಲದಂತೆ. ಮೊದಲ ಸಲ ಸ್ವಿಚ್ ಹಾಕುವ ಮುಂಚೆ ಬಿಸಿನೀರಿನ ನಲ್ಲಿ ತಿರುಗಿಸಿ, ಧಾರೆ ಒಂದೇ ಸಮ ಬರುವವರೆಗೆ ಬಿಡಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತೆ.

ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಬೇಕಾ ಅಂತ ಕೇಳುತ್ತಾರೆ. ಉಪ್ಪು ಹಾಕಿ ನಡೆಸುವ ರೆಸಿನ್ ಸಾಫ್ಟ್‌ನರ್ ಕೆಲಸ ಮಾಡುತ್ತೆ, ಸುಣ್ಣ ಕಟ್ಟುವುದು ನಿಲ್ಲುತ್ತೆ. ಆದರೆ ಆ ನೀರಲ್ಲಿ ಆನೋಡ್ ಬೇಗ ಸವೆಯುತ್ತೆ, ಆರು ತಿಂಗಳಿಗೊಮ್ಮೆ ನೋಡಬೇಕು. ಪೈಪಿಗೆ ಕಟ್ಟುವ ಮ್ಯಾಗ್ನೆಟ್‌ಗೆ ನಾನಂತೂ ದುಡ್ಡು ಹಾಕಲ್ಲ.

ವರ್ಷಕ್ಕೊಂದು ಸಲ ಬಿಚ್ಚುವುದು

ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು ಅಲ್ವಾ. ಹುಳಿ ತಾಗಿದರೆ ಸುಣ್ಣದ ಕಲ್ಲು ಕರಗುತ್ತೆ. ಗೀಸರಿಗೂ ಅದೇ ದಿನ ಇಟ್ಟುಕೊಳ್ಳಿ, ಚಳಿ ಶುರುವಾಗುವ ಮುಂಚೆ ಬರುತ್ತೆ, ಮರೆಯುವುದೂ ಇಲ್ಲ. ಎಂಸಿಬಿ ಇಳಿಸಿ, ಸಾಕೆಟ್‌ನಿಂದ ಪ್ಲಗ್ ತೆಗೆಯಿರಿ. ನೀರು ತಣ್ಣಗಾಗಲಿ. ಒಳಗೆ ಬರುವ ನೀರಿನ ವಾಲ್ವ್ ಬಂದ್ ಮಾಡಿ, ಬಿಸಿನೀರಿನ ನಲ್ಲಿ ತೆರೆದಿಟ್ಟು ಟ್ಯಾಂಕ್ ಖಾಲಿ ಮಾಡಿ. ಕೆಳಗಿನ ಕವರ್ ತೆಗೆದ ಮೇಲೆ ವೈರುಗಳ ಫೋಟೋ ಹೊಡೆದುಕೊಳ್ಳಿ. ಬೋಲ್ಟು ಬಿಚ್ಚಿ ಕಾಯಿಲ್ ಎಳೆದು, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬಿಸಿನೀರಲ್ಲಿ ಲೋಹದ ಭಾಗ ಮಾತ್ರ ಮುಳುಗುವಂತೆ ಎರಡು ಗಂಟೆ ನಿಲ್ಲಿಸಿ. ನೊರೆ ಬರುತ್ತೆ, ಕಲ್ಲು ಪದರ ಪದರವಾಗಿ ಬಿಡುತ್ತೆ. ಚಾಕು, ಉಳಿ ಹಾಕಿ ಕೆರೆಯಬೇಡಿ. ಟ್ಯಾಂಕಿನ ತಳದ ಚೂರುಗಳನ್ನು ನೀರು ಬಿಟ್ಟು ತೊಳೆಯಿರಿ. ಆನೋಡ್ ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ. ಗ್ಯಾಸ್ಕೆಟ್ ಪ್ರತಿ ಸಲ ಹೊಸದೇ ಹಾಕಿ, ಹಳೆಯದು ಮತ್ತೆ ಕೂರಲ್ಲ. ಕರೆಂಟ್ ಕೆಲಸ ಕೈಗೆ ಬರದವರು ಎಲೆಕ್ಟ್ರಿಷಿಯನ್ ಕರೆಸಿ, ಆದರೆ ಪಕ್ಕದಲ್ಲೇ ನಿಂತು ರಾಡ್ ಹೊರಗೆ ತೆಗೆಸಿ ನೋಡಿ. ಬರೀ ಹೊರಗೆ ಒರೆಸಿ ಸರ್ವಿಸ್ ಆಯ್ತು ಅನ್ನುವವರಿದ್ದಾರೆ.

ನಮ್ಮ ಮನೆಯಲ್ಲಿ ಮೊದಲ ದೀಪಾವಳಿಗೆ ರಾಡ್ ಮೂರರಲ್ಲಿ ಒಂದು ಪಾಲು ಸವೆದಿತ್ತು. ಎರಡನೆಯದಕ್ಕೆ ಅರ್ಧ ದಾಟಿತ್ತು, ತಂದಿಟ್ಟಿದ್ದ ಹೊಸದನ್ನು ಹಾಕಿ, ತಿಂಗಳು, ವರ್ಷವನ್ನು ಮಾರ್ಕರ್ ಪೆನ್ನಲ್ಲಿ ಗೀಸರಿನ ಪಕ್ಕೆಯ ಮೇಲೇ ಬರೆದಿದ್ದೇನೆ.